ಲಾರಿ ಟ್ಯೂಬು ಹಿಡಿದ ನಾಲ್ವರು

ಕಡಲ ದಂಡೆಯ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಚಕ್ರಕ್ಕೆ ತುಂಬುವಷ್ಟೇ ಗಾಳಿಯನ್ನು ಮಾತಿಗೂ ತುಂಬುತ್ತಾನೆಂದು ಅವನ ಅತ್ತಿಗೆ ಇಟ್ಟ ಹೆಸರು. ಆ ಮಧ್ಯಾಹ್ನ ಲಾರಿಯ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಿರುಗಿಸುತ್ತಿದ್ದ. ಒಂದು ತೂತು ಮುಚ್ಚಿಯಾಗಿತ್ತು. ಇನ್ನೊಂದು ಕಡೆಯಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು.

ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿಬಂದಳು. "ಹುಡುಗೀರು ಈಜ್ತಿದ್ರು, ಸೆಳೆತಕ್ಕೆ ಸಿಕ್ಕಿಬಿದ್ರು! ನಮ್ಮನೆಯವ್ರೂ ಹಿಂದೇನೇ ಹೋದ್ರು!"

ಅವನು ಟ್ಯೂಬನ್ನು ಹಾಗೇ ಹೆಗಲಿಗೇರಿಸಿ ಓಡಿದ. ದಡದಲ್ಲಿ ಇಪ್ಪತ್ತು ಜನ ಕೈ ತೋರಿಸುತ್ತ ನಿಂತಿದ್ದರು. ಒಬ್ಬರ ಕಾಲೂ ಒದ್ದೆಯಾಗಿರಲಿಲ್ಲ.

ಅವನು ನೀರಿಗೆ ಧುಮುಕಿದ. ಮುಳುಗುತ್ತಿದ್ದವರ ಹತ್ತಿರ ತಲುಪುವಷ್ಟರಲ್ಲಿ ತೋಳು ಸೋತಿತ್ತು. ದೊಡ್ಡ ಹುಡುಗಿ ಒಂದು ಕೈಯಲ್ಲಿ ಅಪ್ಪನ ಅಂಗಿಯನ್ನೂ ಇನ್ನೊಂದರಲ್ಲಿ ತಂಗಿಯನ್ನೂ ಹಿಡಿದಿದ್ದಳು. ಮೂವರೂ ಟ್ಯೂಬಿಗೆ ಜೋತುಬಿದ್ದರು. ಅವನು ಹಿಂದಿನಿಂದ ಕಾಲು ಬಡಿಯುತ್ತ ತಳ್ಳಿದ. ಸ್ವಲ್ಪ ದೂರ ಬಂದರು. ಅಷ್ಟರಲ್ಲಿ ಕೈಕೆಳಗಿನ ರಬ್ಬರು ಮೆತ್ತಗಾಗತೊಡಗಿತು. ಚಿಕ್ಕವಳ ಗಲ್ಲ ನೀರಿಗೆ ತಾಗಿತು.

ಅಪ್ಪ ಟ್ಯೂಬನ್ನು ನೋಡಿದ, ಮಕ್ಕಳನ್ನು ನೋಡಿದ. "ನೀವು ಇವರನ್ನ ಕರ್ಕೊಂಡು ನಡೀರಿ. ನಾನು ಈಜ್ಕೊಂಡು ಬರ್ತೀನಿ."

"ಆಗುತ್ತಾ?"

"ಆಗುತ್ತೆ. ಬೇಗ ಹೋಗಿ."

"ಅಪ್ಪಾ, ಬೇಡ!" ಎಂದು ದೊಡ್ಡವಳು ಚೀರಿದಳು. ಹೆದರಿದ ಮಗುವಿನ ಕೂಗೆಂದುಕೊಂಡು ಗಾಳಿಯಣ್ಣ ಅವಳ ರಟ್ಟೆಯನ್ನು ಬಿಗಿಯಾಗಿ ಹಿಡಿದು ಮುಂದೆ ತಳ್ಳಿದ.

ಕಾಲಿಗೆ ಮರಳು ಸಿಕ್ಕಾಗ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಅಪ್ಪಂಗೆ ಈಜೋಕೇ ಬರಲ್ಲ," ಎಂದಳು ದೊಡ್ಡವಳು. ಅವಳ ಹಲ್ಲುಗಳು ಕಟಕಟಿಸುತ್ತಿದ್ದವು.

ಅವನು ಮತ್ತೆ ನೀರಿಗೆ ಬಿದ್ದ. ಅಲೆ ಹೊರಗೆಸೆಯಿತು. ಇನ್ನೊಮ್ಮೆ ಹೋದ. ಮೂರನೆಯ ಸಲ ಜನ ಸೊಂಟ ಹಿಡಿದು ಎಳೆದು ಕೂರಿಸಿದರು. ಸುದ್ದಿ ತಿಳಿದು ಬಂದ ಅತ್ತಿಗೆ ಟವೆಲು ಹೊದಿಸಿ, "ನಿನಗೇನಾದ್ರೂ ಆಗಿದ್ರೆ ನಿಮ್ಮಣ್ಣಂಗೆ ಏನಂತ ಹೇಳ್ಲೋ?" ಎಂದು ಬೈಯುತ್ತ ಅಳುತ್ತಿದ್ದಳು. ಯಾರೋ ಬೆನ್ನು ತಟ್ಟಿದರು. ಎರಡು ಜೀವ ಉಳಿಸಿದೆಯಪ್ಪಾ ಅಂದರು. ಅವನು ಹೆಗಲು ಕೊಡವಿ ಆ ಕೈಯನ್ನು ತಳ್ಳಿದ.

ದೋಣಿಯವರು ಬಂದು, "ಎಲ್ಲಿ ಬಿಟ್ರಿ, ಸರಿಯಾಗಿ ಹೇಳಿ," ಎಂದರು.

ಅವನು ಎದ್ದು ನಿಂತು ಕೈ ಚಾಚಿದ. ಅಲ್ಲಿ ಎಂದ. ಬಳಿಕ ಬೆರಳನ್ನು ಸ್ವಲ್ಪ ಎಡಕ್ಕೆ ಸರಿಸಿದ. ಮತ್ತೆ ಬಲಕ್ಕೆ. ನೀರೆಲ್ಲ ಒಂದೇ ಥರ ಇತ್ತು.

ಆ ಹೆಂಗಸು ಮಕ್ಕಳಿಬ್ಬರನ್ನೂ ತಬ್ಬಿಕೊಂಡು ಅವನ ಬೆರಳನ್ನೇ ನೋಡುತ್ತಿದ್ದಳು. "ನೆನಪು ಮಾಡ್ಕೊಳ್ಳಣ್ಣಾ," ಎಂದಳು. "ನಿಧಾನಕ್ಕೆ ನೆನಪು ಮಾಡ್ಕೋ."

ಹೊತ್ತು ಮುಳುಗುವ ಮುನ್ನ ದೋಣಿ ಬರಿದಾಗಿ ಮರಳಿತು. ದೇಹ ಸಿಕ್ಕಿದ್ದು ಮೂರನೆಯ ದಿನ, ಅವನು ತೋರಿಸಿದ ಕಡೆಯಿಂದ ಬಹಳ ದೂರದಲ್ಲಿ.