ಎದೆಯ ಮೇಲಿನ ಕಿಸೆ

ಟೈಲರಮ್ಮನ ಹೊಲಿಗೆ ಯಂತ್ರ ಹಿಂದಿನ ಕೋಣೆಯ ಕಿಟಕಿಗೆ ಆತುಕೊಂಡಿತ್ತು. ಆ ವಾರ ಅದರ ಸುತ್ತ ಪುಟ್ಟ ಪುಟ್ಟ ಜಾಕೆಟ್ಟುಗಳ ರಾಶಿ. ಎಲ್ಲವೂ ತೋಳಿಲ್ಲದವು, ಎಲ್ಲಕ್ಕೂ ಎದೆಯ ಮೇಲೊಂದು ಕಿಸೆ. ಅವು ವಿಶ್ವವಿದ್ಯಾಲಯದವರು ಕೊಟ್ಟ ಕೆಲಸ. ಮಕ್ಕಳು ಮಾತು ಕಲಿಯುವುದು ಹೇಗೆಂದು ತಿಳಿಯಲು ಬೆಂಕಿಪೊಟ್ಟಣದಷ್ಟು ಗಾತ್ರದ ರೆಕಾರ್ಡರನ್ನು ಆ ಕಿಸೆಯಲ್ಲಿಟ್ಟು, ಮಗುವಿಗೆ ಬೆಳಗಿನಿಂದ ಸಂಜೆಯವರೆಗೆ ತೊಡಿಸುತ್ತಾರಂತೆ. "ಹುಟ್ಟಿದ ಮಕ್ಕಳೆಲ್ಲ ಮಾತು ಕಲಿತೇ ಕಲೀತವೆ, ಇದಕ್ಕೂ ಒಂದು ಓದೇ?" ಎಂದು ಟೈಲರಮ್ಮ ಮೊದಲು ನಕ್ಕಿದ್ದಳು.

ಮೊದಲ ಕಂತಿನ ಜಾಕೆಟ್ಟುಗಳಲ್ಲಿ ಒಂದು ತೊಂದರೆ ಕಂಡಿತ್ತು. ಮಗು ಕುಣಿದಾಗಲೆಲ್ಲ ಬಟ್ಟೆ ರೆಕಾರ್ಡರಿಗೆ ಉಜ್ಜಿ ಕರಕರ ಸದ್ದು. ಟೈಲರಮ್ಮ ಕಿಸೆಯ ಒಳಗೆ ಮೆತ್ತನೆಯ ಫ್ಲಾನೆಲ್ ಲೈನಿಂಗ್ ಕೊಟ್ಟು, ಬಾಯಿಗೆ ತೆಳು ಜಾಲರಿ ಬಟ್ಟೆ ಹಾಕಿಕೊಟ್ಟಳು. ಸದ್ದು ನಿಂತಿತು. ಸಂಶೋಧಕಿಯೇ ಖುದ್ದಾಗಿ ಥ್ಯಾಂಕ್ಸ್ ಹೇಳಲು ಬಂದಳು. ಅವಳಿಗೆ ಟೈಲರಮ್ಮ ಮನೆಯಲ್ಲಿ ಇಟ್ಟ ಹೆಸರು 'ಕಿಸೆ ಮೇಡಂ'.

"ಅಜ್ಜಿಯವರೇ, ತಮ್ಮಿಂದ ಮಹದುಪಕಾರವಾಯಿತು. ಈಗ ಮಕ್ಕಳ ಧ್ವನಿ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತಿದೆ."

"ಅಯ್ಯೋ ತಾಯಿ, ಪುಸ್ತಕವೇ ಎದ್ದು ಬಂದು ಮಾತಾಡಿದ ಹಾಗಾಯ್ತು! ಎಲ್ಲಿ ಕಲಿತ್ರಿ ನಮ್ಮ ಮಾತು?"

"ಪುಸ್ತಕದಿಂದಲೇ," ಎಂದಳು ಕಿಸೆ ಮೇಡಂ, ಕೆನ್ನೆ ಕೆಂಪಾಗಿಸಿಕೊಂಡು. "ಇಪ್ಪತ್ತಾರನೆಯ ವಯಸ್ಸಿನಲ್ಲಿ." ಆಮೇಲೆ, ಈ ಮನೆಯಲ್ಲೂ ನಾಲ್ಕು ವರ್ಷದ ಮಗುವಿದೆಯಲ್ಲ, ಒಂದು ದಿನ ಜಾಕೆಟ್ಟು ತೊಡಿಸಬಹುದೇ ಎಂದು ಕೇಳಿದಳು.

ಟೈಲರಮ್ಮ ಬೇಡವೆನ್ನಲು ಬಾಯಿ ತೆರೆದಳು. ಆದರೆ ಅವಳ ಮಗಳು ಅಡುಗೆಮನೆಯಿಂದಲೇ "ಖಂಡಿತ ಮೇಡಂ, ಬನ್ನಿ" ಎಂದುಬಿಟ್ಟಳು.

ಮಗಳು ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುವವಳು. ಅಳಿಯ ದೂರದೂರಿಗೆ ಬಸ್ಸು ಓಡಿಸುವವನು, ಮನೆಗೆ ಬಂದರೆ ನೆಂಟನಷ್ಟೇ ಹೊತ್ತು. ಅವರ ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಗುಬ್ಬಿ ಶಿಶುವಿಹಾರಕ್ಕೆ ಸೇರಿದಾಗ ಅಲ್ಲಿನ ಟೀಚರ್, ಮಗು ಬಾಯೇ ಬಿಡುವುದಿಲ್ಲ, ಮನೆಯಲ್ಲಿ ಬೇರೆ ಭಾಷೆಯಾಡಿ ಗೊಂದಲ ಮಾಡಬೇಡಿ ಎಂದಿದ್ದರು. ಅಂದಿನಿಂದ ಮನೆಯಲ್ಲಿ ಕಾನೂನು ಬಂತು. ಗುಬ್ಬಿಯ ಮುಂದೆ ಶಾಲೆಯ ಭಾಷೆ ಮಾತ್ರ. ಅಜ್ಜಿಗೆ ಆ ಭಾಷೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟೇ ಬರುತ್ತಿತ್ತು. ಹಾಗಾಗಿ ಅಜ್ಜಿಯ ಬಾಯಿಗೆ ಬೀಗ ಬಿತ್ತು.

"ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಮ್ಮ," ಎಂದಿದ್ದಳು ಮಗಳು, ಗುಬ್ಬಿ ಮಲಗಿದ್ದಾಗ, ಸಣ್ಣ ದನಿಯಲ್ಲಿ. "ಮಧ್ಯಾಹ್ನ ಡೇ ಕೇರಿಗೆ ಬಿಡ್ತೀನಿ. ನನಗೂ ಇಷ್ಟ ಇಲ್ಲ. ಆದ್ರೆ ಮಗು ಹಾಳಾಗಬಾರದು."

ಟೈಲರಮ್ಮ ಮಾತು ಕೊಟ್ಟಳು, ಮುರಿದಳು ಕೂಡ. ಮಧ್ಯಾಹ್ನ ಗುಬ್ಬಿ ಯಂತ್ರದ ಬುಡದಲ್ಲಿ ಗುಂಡಿ ಡಬ್ಬಿ ಹರಡಿಕೊಂಡು ಕೂತಾಗ, ಅವಳು ಪೆಡಲ್ ತುಳಿಯುತ್ತ, ಅಕ್ಕಪಕ್ಕದವರ ಕಿವಿಗೆ ಬಿದ್ದು ಮಗಳಿಗೆ ಮುಟ್ಟದಿರಲೆಂದು, ಆ ಗಡಗಡ ಸದ್ದಿನ ಮರೆಯಲ್ಲಿ ಮನೆಮಾತನ್ನು ಆಡಿಯೇ ಆಡುತ್ತಿದ್ದಳು. ಹೊಲಿಯಲು ಬಟ್ಟೆ ಇಲ್ಲದಿದ್ದರೂ ಪೆಡಲ್ ತುಳಿದದ್ದುಂಟು. ಮಗುವಿಗೆ ಕೇಡು ಮಾಡುತ್ತಿದ್ದೇನೆಯೇ ಎಂಬ ಭಯ ಅವಳನ್ನು ದಿನಾ ಕೊರೆಯುತ್ತಿತ್ತು. ಆದರೂ ಆ ಒಂದು ಗಂಟೆ ಇಲ್ಲದ ದಿನವನ್ನು ಅವಳಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ರೆಕಾರ್ಡಿಂಗಿನ ದಿನ ಮಗಳು ರಜೆ ಹಾಕಿ ಮನೆಯಲ್ಲೇ ನಿಂತಳು. ಬೆಳಗಿನಿಂದ ಮನೆಗೆ ಮನೆಯೇ ಪರೀಕ್ಷೆಗೆ ಕೂತಂತಿತ್ತು. ಶಾಲೆಯ ಭಾಷೆಯಲ್ಲಿ ಅಳೆದು ತೂಗಿ, "ಇದು ಏನು? ಇದರ ಬಣ್ಣ ಯಾವುದು? ಕೈ ತೊಳೆದುಕೋ," ಎಂದು ಮಗಳು ಹೇಳುವುದು, ಗುಬ್ಬಿ "ಕೆಂಪು", "ಹೂಂ", "ಬೇಡ" ಎನ್ನುವುದು. ಟೈಲರಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಮಧ್ಯಾಹ್ನ ಮಗಳು ಬಟ್ಟೆ ಒಣಗಿಸಲು ಮಹಡಿಗೆ ಹೋದಳು. ಗುಬ್ಬಿ ಓಡಿಬಂದು ಅಜ್ಜಿಯ ಸೆರಗು ಹಿಡಿದಳು. "ಅಜ್ಜಿ, ಇವತ್ತು ಯಾಕೆ ನನ್ನ ಜೊತೆ ಮಾತು ಬಿಟ್ಟಿದ್ದೀಯ? ನಾನೇನು ಮಾಡಿದೆ?" ಮಗುವಿನ ಕಣ್ಣು ತುಂಬಿತ್ತು. ಟೈಲರಮ್ಮನ ಕಾಲು ತಾನಾಗಿ ಪೆಡಲಿಗೆ ಹೋಯಿತು. ಮಗಳು ಮಹಡಿಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಳು, ಇಲ್ಲಿ ಅಜ್ಜಿ ಮೊಮ್ಮಗಳ ಮಾತು ನಲವತ್ತು ನಿಮಿಷ ನಡೆಯಿತು.

ಸಂಜೆ ಕಿಸೆ ಮೇಡಂ ಬಂದು ರೆಕಾರ್ಡರ್ ತೆಗೆದುಕೊಂಡು ಹೋದಮೇಲೆಯೇ ಟೈಲರಮ್ಮನಿಗೆ ಹೊಳೆದದ್ದು. ಯಂತ್ರದ ಸದ್ದು ಮಹಡಿಯಲ್ಲಿದ್ದ ಮಗಳ ಕಿವಿಗೆ ಮರೆಯಾದೀತು, ಆದರೆ ಬಾಯಿಗೆ ಮೊಳದೂರದಲ್ಲಿದ್ದ ಆ ಕಿಸೆಗಲ್ಲ. ಒಳಗೆ ಲೈನಿಂಗ್ ಕೊಟ್ಟು, ಪಿಸುಮಾತೂ ಕೇಳುವ ಹಾಗೆ ಹೊಲಿದವಳು ತಾನೇ ಅಲ್ಲವೇ! ತನ್ನ ಕೈಗುಣವನ್ನು ಟೈಲರಮ್ಮ ಮೊದಲ ಬಾರಿಗೆ ಶಪಿಸಿದಳು.

ಮರುದಿನ ಬೆಳಿಗ್ಗೆ ಮಗಳು ಕೆಲಸಕ್ಕೆ, ಗುಬ್ಬಿ ಶಿಶುವಿಹಾರಕ್ಕೆ ಹೊರಟಿದ್ದೇ ತಡ, ಟೈಲರಮ್ಮ ವಿಶ್ವವಿದ್ಯಾಲಯದ ಮೂರನೆಯ ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಳು. ಗೋಡೆಯ ಮೊಳೆಗಳಲ್ಲಿ ಹೆಡ್‌ಫೋನುಗಳು, ಒಂದು ಮೂಲೆಯಲ್ಲಿ ಅವಳೇ ಹೊಲಿದ ಜಾಕೆಟ್ಟುಗಳು ತೂಗುತ್ತಿದ್ದವು.

"ನಿನ್ನೆ ಮಧ್ಯಾಹ್ನದ್ದು ಒಂದಿಷ್ಟು ಅಳಿಸಿಬಿಡಿ ತಾಯಿ. ಯಾರೂ ಕೇಳೋದು ಬೇಡ."

"ಅಳಿಸಲು ಹೇಳುವುದು ತಮ್ಮ ಹಕ್ಕು," ಎಂದಳು ಕಿಸೆ ಮೇಡಂ. "ನಾನಿನ್ನೂ ಅದನ್ನು ಕೇಳಿಯೂ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಿತ್ತು ಟೈಲರಮ್ಮನ ಸ್ಥಿತಿ. ಯಾರೂ ಕೇಳದಿದ್ದರೂ ಕಾನೂನು, ಪೆಡಲ್ಲು, ಡೇ ಕೇರ್ ಎಲ್ಲವನ್ನೂ ಹೇಳಿಬಿಟ್ಟಳು. ಕೊನೆಗೆ, "ನಾನು ಮಗೂನ ಹಾಳು ಮಾಡಿದ್ನಾ, ಹೇಳಿ?" ಎಂದು ಕೇಳಿದಳು.

ಕಿಸೆ ಮೇಡಂ ಒಂದು ಹೆಡ್‌ಫೋನನ್ನು ಅವಳ ಕಿವಿಗಿಟ್ಟಳು, ಇನ್ನೊಂದನ್ನು ತಾನು ಹಾಕಿಕೊಂಡಳು. ಬೆಳಗಿನ ಒಂದಿಷ್ಟು, ಆಮೇಲೆ ಮಧ್ಯಾಹ್ನದ ನಲವತ್ತು ನಿಮಿಷ ಪೂರ್ತಿ. ಕೇಳುತ್ತ ಕೇಳುತ್ತ ಕಾಗದದ ಮೇಲೆ ಗೀಟು ಹಾಕುತ್ತಿದ್ದಳು.

"ನೋಡಿ ಅಜ್ಜಿಯವರೇ. ಮುಂಜಾನೆ ಈ ಮಗು ಎರಡು ಪದಗಳಿಗಿಂತ ಉದ್ದದ ವಾಕ್ಯ ಆಡಿಲ್ಲ. ತಮ್ಮೊಡನೆ ಆಡಿದ್ದು ಇದು." ಕಾಗದದ ತುಂಬ ಗೀಟುಗಳು. "ಮೂವತ್ತೊಂದು ಸಲ 'ಯಾಕೆ' ಎಂದು ಕೇಳಿದ್ದಾಳೆ. ಮಾತು ತಡವಾದ ಮಗುವಲ್ಲ ಇದು. ಎರಡು ಭಾಷೆ ಕೇಳಿದರೆ ಮಗು ಕೆಡುವುದಿಲ್ಲ. ಹೊಸ ಭಾಷೆಯ ನಡುವೆ ಎಷ್ಟೋ ಮಕ್ಕಳು ಕೆಲಕಾಲ ಸುಮ್ಮನಿದ್ದು ಕೇಳಿಸಿಕೊಳ್ಳುತ್ತವೆ. ಮನೆಯಲ್ಲಿ ತುಂಬು ಮಾತು ಕೇಳಿದ ಮಗುವಿಗೆ ಆ ಹೊಸ ಮಾತೂ ಕೂಡಿಬರುತ್ತದೆ."

ಟೈಲರಮ್ಮ ಮೂಲೆಯಲ್ಲಿ ತೂಗುತ್ತಿದ್ದ ಜಾಕೆಟ್ಟೊಂದರ ಕಿಸೆಯೊಳಗೆ ಬೆರಳಿಟ್ಟಳು. "ಅಂದ್ರೆ ಲೈನಿಂಗ್ ಇದ್ದಂಗೆ. ಒಳಗೆ ಅದಿದ್ರೆ ಮೇಲಿನ ಬಟ್ಟೆ ನೆಟ್ಟಗೆ ಕೂರುತ್ತೆ."

"ನಾನು ಹತ್ತು ವರ್ಷ ಓದಿದ್ದನ್ನು ತಾವು ಒಂದು ಸಾಲಿನಲ್ಲಿ ಹೇಳಿದಿರಿ," ಎಂದಳು ಕಿಸೆ ಮೇಡಂ. ಆಮೇಲೆ ಕೇಳಿದಳು: "ಅಳಿಸಲೇ?"

"ಬೇಡ ತಾಯಿ. ನನ್ನ ಮಗಳು ಕೇಳಲಿ. ಬೈದ್ರೆ ಬೈಸ್ಕೋತೀನಿ."

ಭಾನುವಾರ ಕಿಸೆ ಮೇಡಂ ಲ್ಯಾಪ್‌ಟಾಪ್ ಹಿಡಿದು ಬಂದಳು. ಗುಬ್ಬಿಯನ್ನು ಕೆಳಗಿನ ಮನೆಗೆ ಆಡಲು ಕಳಿಸಿ ಮೂವರೂ ಹಿಂದಿನ ಕೋಣೆಯಲ್ಲಿ ಕೂತರು. ಟೈಲರಮ್ಮನೇ ಬಾಯಿ ಬಿಟ್ಟು ಹೇಳಿದಳು, ಕೊಟ್ಟ ಮಾತು ಮುರಿದೆ ಎಂದು. ಮಗಳ ಮುಖ ಕಪ್ಪಿಟ್ಟಿತು.

"ಒಂದೂವರೆ ವರ್ಷ ನನ್ನ ಬೆನ್ನ ಹಿಂದೆ! ನಿನಗೆ ಆಟ ಇದು. ನನಗೇನಾಗಿತ್ತು ಗೊತ್ತಾ? ಶಾಲೆ ಸೇರಿದ ಮೊದಲ ದಿನ ಹೊರಗೆ ಹೋಗಬೇಕು ಅಂತ ಕೇಳೋಕೆ ನನಗೆ ಅವರ ಭಾಷೆ ಬರ್ತಿರಲಿಲ್ಲ. ಕೂತಲ್ಲೇ ಒದ್ದೆ ಮಾಡ್ಕೊಂಡೆ. ಇಡೀ ಕ್ಲಾಸು ನಕ್ಕಿತು. ನನ್ನ ಮಗಳಿಗೆ ಆ ಗತಿ ಬರಬಾರದು ಅಂತ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೀನಿ. ನನಗೇನು ಆಸೆ ಇಲ್ವಾ ಅವಳನ್ನ ನಮ್ಮ ಮಾತಲ್ಲಿ ಮುದ್ದು ಮಾಡೋಕೆ?"

ಟೈಲರಮ್ಮನಿಗೆ ಇದು ಗೊತ್ತೇ ಇರಲಿಲ್ಲ. "ಆವತ್ತು ನೀರು ಚೆಲ್ಲಿತು ಅಂದಿದ್ದೆಯಲ್ಲೇ," ಎಂದಳು ಸಣ್ಣಗೆ.

"ಆ ಹೆದರಿಕೆ ಸುಳ್ಳಲ್ಲ," ಎಂದಳು ಕಿಸೆ ಮೇಡಂ. "ಆದರೆ ತಪ್ಪು ತಮ್ಮ ಮನೆಮಾತಿನದ್ದಲ್ಲ. ನಕ್ಕವರದ್ದು." ಆಮೇಲೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು.

ಯಂತ್ರದ ಗಡಗಡದ ಮೇಲೆ ಗುಬ್ಬಿಯ ದನಿ ಗಾಜಿನಷ್ಟು ತಿಳಿಯಾಗಿ ಬಂತು. ಈ ನೀಲಿ ಗುಂಡಿ ಯಾರ ಅಂಗಿಯದು, ಅದಕ್ಕೆ ಎರಡೇ ತೂತು ಯಾಕೆ, ಇದಕ್ಕೆ ನಾಲ್ಕು ಯಾಕೆ? ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದಳು. ತನ್ನ ಮಗು ಹೀಗೆ ಮಾತಾಡುವುದನ್ನು ಅವಳು ಕೇಳಿಯೇ ಇರಲಿಲ್ಲ.

"ಅಜ್ಜಿ, ಅಮ್ಮಂಗೆ ನಮ್ಮ ಮಾತು ಬರಲ್ಲ ಅಲ್ವಾ?"

ಪೆಡಲ್ಲಿನ ಸದ್ದು ತಪ್ಪಿ, ಮತ್ತೆ ಶುರುವಾಯಿತು. "ಅಮ್ಮಂಗೆ ಕೆಲಸ ಜಾಸ್ತಿ ಕಣೇ. ಸುಸ್ತಾಗಿರ್ತಾಳೆ."

"ಪಾಪ. ನಾವೇ ಕಲಿಸೋಣ ಅಜ್ಜಿ. ನಿಧಾನಕ್ಕೆ ಕಲಿಸೋಣ. ತಪ್ಪು ಹೇಳಿದ್ರೆ ನಗಬಾರದು, ಆಯ್ತಾ?"

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಟೈಲರಮ್ಮ ಎದ್ದು ಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೊತ್ತಿಕೊಂಡಳು. ಯಾರೂ ಯಾರ ಮೇಲೂ ತಪ್ಪು ಹೊರಿಸಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಟೈಲರಮ್ಮ ಕಿಸೆ ಮೇಡಂನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಋಣ ಯಾವ ಜನ್ಮಕ್ಕೆ ತೀರಿಸಲಿ ತಾಯಿ? ನನ್ನ ಮನೇಲಿ ನನಗೆ ಬಾಯಿ ಕೊಟ್ರಿ."

"ಕಿಸೆ ಹೊಲಿದವರು ತಾವು. ಅದಿಲ್ಲದೆ ನನಗೆ ಬರೀ ಕರಕರ ಕೇಳಿಸುತ್ತಿತ್ತು. ಒಂದು ಬೇಡಿಕೆಯಿದೆ. ಶನಿವಾರ ಮಧ್ಯಾಹ್ನ ನಾನೂ ಇಲ್ಲಿ ಬಂದು ಕೂರಬಹುದೇ? ನನ್ನ ಮಾತು ಪುಸ್ತಕದಿಂದ ಕೆಳಗಿಳಿಯಬೇಕಾಗಿದೆ."

"ಬನ್ನಿ ಬನ್ನಿ. ಗುಬ್ಬಿ ಕಲಿಸ್ತಾಳೆ, ಅವಳೇ ದೊಡ್ಡ ಮೇಷ್ಟ್ರು."

"ಹೂಂ ಕಣಜ್ಜಿ," ಎಂದು ಕಿಸೆ ಮೇಡಂ ಧೈರ್ಯ ಮಾಡಿ ಹೇಳಿ, ನಾಲಗೆ ಕಚ್ಚಿಕೊಂಡು ಮೆಟ್ಟಿಲಿಳಿದಳು. ಟೈಲರಮ್ಮ ಮನಸಾರೆ ನಕ್ಕಳು.

ಸ್ವಲ್ಪ ಹೊತ್ತಿಗೆ ಗುಬ್ಬಿ ಕೆಳಗಿನಿಂದ ಓಡಿಬಂದಳು. ಹಿಂದಿನ ಕೋಣೆಯ ನೆಲದ ಮೇಲೆ ಅಮ್ಮ ಗುಂಡಿ ಡಬ್ಬಿ ಹರಡಿಕೊಂಡು ಕೂತಿದ್ದಳು. ಟೈಲರಮ್ಮನ ಕಾಲು ಅಭ್ಯಾಸಬಲದಿಂದ ಪೆಡಲಿಗೆ ಹೋಯಿತು, ಆಮೇಲೆ ಅವಳೇ ಕಾಲು ತೆಗೆದು ನೆಲಕ್ಕಿಟ್ಟಳು.

"ಬಾರೇ ಗುಬ್ಬಿ," ಎಂದಳು ಅಮ್ಮ ಮನೆಮಾತಿನಲ್ಲಿ. "ಈ ನೀಲಿ ಗುಂಡಿ ಯಾರ ಅಂಗೀದು ಗೊತ್ತಾ ನಿನಗೆ? ನಂದು ಕಣೇ. ನಾನು ನಿನ್ನಷ್ಟಿದ್ದಾಗಿನದು."

ಗುಬ್ಬಿ ಅಮ್ಮನ ಬಾಯನ್ನೇ ನೋಡುತ್ತ ನಿಂತಳು. ಆಮೇಲೆ ಅಜ್ಜಿಯ ಹತ್ತಿರ ಹೋಗಿ, ಸೆರಗು ಜಗ್ಗಿ, ಮುಖ ಊದಿಸಿಕೊಂಡು ಕೇಳಿದಳು:

"ನನ್ನ ಬಿಟ್ಟು ನೀನೊಬ್ಬಳೇ ಕಲಿಸಿಬಿಟ್ಯಾ ಅಜ್ಜಿ?"