ಊದುಬತ್ತಿ ಸೇದುವ ಲಾರಿ

ಉಜ್ಜನಪ್ಪನವರ ಪೆಟ್ರೋಲ್ ಲಾರಿ ಓಡುವಾಗ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ನಿಂತಾಗ ಮಾತ್ರ ನಡುಗುತ್ತಿತ್ತು. ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ದಾವಣಗೆರೆಯಿಂದ ಹರಿಹರಕ್ಕೆ ಮಂಡಕ್ಕಿ ಚೀಲ ಹೊರುವ ಉಳಿದ ಲಾರಿಗಳೆಲ್ಲ ಡೀಸೆಲ್ ಕುಡಿಯುತ್ತಿದ್ದವು. ಮಿಲಿಟರಿ ಹರಾಜಿನಲ್ಲಿ ತಂದ ಈ ಒಂದನ್ನು ಅವರು ಬಿಡಲೊಲ್ಲರು. ರೈಲ್ವೆ ಗೇಟಿನಲ್ಲಿ ನಿಂತರೆ ಬಾನೆಟ್ಟು ಕುಣಿಯುವುದು, ದೀಪಗಳೆರಡೂ ತಲೆಯಾಡಿಸುವುದು, ಕೊನೆಗೆ ಕಾರ್ಬೊರೇಟರ್ ಥೂ ಎಂದು ಉಗುಳಿ ಎಂಜಿನ್ ಬಂದ್. ಗೇಟು ತೆರೆದ ಮೇಲೆ ಹಿಂದಿನ ಎತ್ತಿನ ಗಾಡಿಯವರು ಇಳಿದು ನೂಕಬೇಕು, ಬೈಯುತ್ತ.

ಜಮಾಲ್ ಸಾಬರ ಗ್ಯಾರೇಜಿಗೆ ಅದು ಬಂದದ್ದು ನಾಲ್ಕನೇ ಸಲ. ಜಮಾಲ್ ಸಾಬರದು ಒಂದು ಪದ್ಧತಿ. ಕೆಲಸ ಮುಗಿಯಿತೆಂದರೆ ಎದುರಿನ ಹೋಟೆಲಿನಿಂದ ಅಂಚಿನವರೆಗೆ ತುಂಬಿದ ಒಂದು ಗ್ಲಾಸು ಚಹಾ ತರಿಸಿ, ನಿಂತಲ್ಲೇ ಓಡುತ್ತಿರುವ ಎಂಜಿನ್ನಿನ ಬಾನೆಟ್ಟಿನ ಮೇಲೆ ಇಡುವರು. ಹನಿ ಚೆಲ್ಲಬಾರದು. ಆ ಚಹಾವನ್ನು ಗಾಡಿಯ ಮಾಲೀಕ ಕುಡಿದರೆ ಕೆಲಸ ಒಪ್ಪಿಗೆಯಾದಂತೆ. ಇಪ್ಪತ್ತೆರಡು ವರ್ಷ ಚೆಲ್ಲದ ಚಹಾ ಉಜ್ಜನಪ್ಪನವರ ಲಾರಿಯ ಮೇಲೆ ಮೂರು ಸಲ ಚೆಲ್ಲಿತ್ತು.

"ನಂಗೆ ಚಹಾದ ಆಸೆ ಇಲ್ಲ ಸಾಬ್ರೆ," ಎಂದರು ಉಜ್ಜನಪ್ಪ, ಶುಕ್ರವಾರ ಬೆಳಿಗ್ಗೆ. "ಸೋಮವಾರದ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹರಿಹರದ ಪಾಲಯ್ಯ ಹಗ್ಗ ತಗಂಡು ಬರ್ತಾನೆ. ಹೇಳಿ ಕಳ್ಸೀನಿ."

ಪಾಲಯ್ಯ ಜಮಾಲ್ ಸಾಬರ ಕೈಕೆಳಗೇ ಸ್ಪ್ಯಾನರ್ ಹಿಡಿದು ಕಲಿತು, ಈಗ ಹರಿಹರದಲ್ಲಿ ತನ್ನದೇ ಗ್ಯಾರೇಜು ಇಟ್ಟವನು. ಅವನು ಗೆದ್ದರೆ ಗೆಲ್ಲಲಿ. ಆದರೆ ಹರಿಹರದ ರಸ್ತೆಗೆ ಬೀಳಬೇಕಾದರೆ ಹಗ್ಗ ಕಟ್ಟಿದ ಲಾರಿ ಈ ಗ್ಯಾರೇಜಿನ ಮುಂದೆಯೇ ಹಾಯಬೇಕು. ಹೋಟೆಲಿನ ಏಕಾಂತಪ್ಪ ಗಲ್ಲಾ ಬಿಟ್ಟು ಹೊರಗೆ ಬಂದು ನೋಡುತ್ತಾನೆ. ಬಾಗಿಲು ಹಾಕಿಕೊಂಡು ಒಳಗೆ ಕೂತರೂ ಹಗ್ಗ ಜಗ್ಗುವ ಸದ್ದು ಕೇಳುತ್ತದೆ. ಜಮಾಲ್ ಸಾಬರಿಗೆ ಆ ಸದ್ದು ಆಗಲೇ ಕೇಳತೊಡಗಿತ್ತು.

ರೋಗ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಚೋಕ್ ಎಳೆದು ಪೆಟ್ರೋಲ್ ಹೆಚ್ಚು ಉಣಿಸಿದರೆ ನಡುಕ ತಗ್ಗುತ್ತಿತ್ತು. ಅಂದರೆ ಎಂಜಿನ್ನು ಪೆಟ್ರೋಲ್ ಸಾಲದೆ ಗಾಳಿಯನ್ನೇ ತಿಂದು ಬದುಕುತ್ತಿದೆ. ಆ ಹೆಚ್ಚಿನ ಗಾಳಿ ಎಲ್ಲಿಂದ? ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ ತೊಳೆದಾಗಿತ್ತು. ಆರು ಪ್ಲಗ್ಗುಗಳನ್ನೂ ಪ್ರತಿ ಸಲ ಕಳಚಿ, ಒಂದೇ ಬೋಗುಣಿಯ ಪೆಟ್ರೋಲಿಗೆ ಸುರಿದು, ತಿಕ್ಕಿ ತೊಡಿಸಿದ್ದಾಗಿತ್ತು. ಈಗ ನಾಲ್ಕನೇ ಸಲ ಕಳಚುತ್ತ ಕೂತಿದ್ದಾಗ ಉಜ್ಜನಪ್ಪನವರ ಹೆಂಡತಿ ಕಸ್ತೂರಮ್ಮ, ಲಾರಿಗೆ ಶುಕ್ರವಾರದ ಪೂಜೆ ತಪ್ಪಬಾರದೆಂದು, ಬಾಳೆ ಎಲೆ ಊದುಬತ್ತಿ ಹಿಡಿದು ಗ್ಯಾರೇಜಿಗೇ ಬಂದರು.

"ಅದೇನ್ರಿ ಸಾಬ್ರೆ, ಅದ್ರ ತುದೀಗೆ ಬೆಳ್ಳಗೆ?"

"ಸುಟ್ಟು ಬೂದಿ ಆಗೈತ್ರಿ ಅಮ್ಮಾರೆ."

"ಬೂದಿ ಅನಬ್ಯಾಡ್ರಿ. ವಿಭೂತಿ ಅದು."

ಬೋಗುಣಿಗೆ ಬೀಳಲಿದ್ದ ಪ್ಲಗ್ಗನ್ನು ಕಸ್ತೂರಮ್ಮ ಕಸಿದುಕೊಂಡರು. ವಿಭೂತಿಯನ್ನು ಆ ನಾತದಲ್ಲಿ ಮುಳುಗಿಸುವುದುಂಟೇ. ಮಡ್‌ಗಾರ್ಡಿನ ಮೇಲೆ ಎಲೆ ಹಾಸಿ, "ಯಾವ್ದು ಯಾವ ಮನ್ಯಾಗಿತ್ತೋ ಅದೇ ಸಾಲಾಗೆ ಇಡ್ರಿ, ಹಿಂದೆ ಮುಂದೆ ಆಗಬಾರ್ದು," ಎಂದು ನಿಂತು ಇಡಿಸಿದರು. ಜಮಾಲ್ ಸಾಬರು ಆರನ್ನೂ ಸಾಲಾಗಿ ಇಟ್ಟವರು ಹಾಗೇ ನಿಂತುಬಿಟ್ಟರು. ಮೊದಲ ನಾಲ್ಕು ಪ್ಲಗ್ಗು ಬೆಲ್ಲದ ಬಣ್ಣ. ಹಿಂದಿನ ಎರಡು ಮಾತ್ರ ಬಿಳಿ. ಕಾರ್ಬೊರೇಟರಿನ ತಪ್ಪಾಗಿದ್ದರೆ ಆರೂ ಬಿಳಿಯಾಗಬೇಕಿತ್ತು. ಮೂರು ಸಲ ಬೋಗುಣಿಯಲ್ಲಿ ಕಲೆಸಿ ತೊಳೆದು ಹಾಕಿದ್ದ ಉತ್ತರ ಬಾಳೆ ಎಲೆಯ ಮೇಲೆ ಕೂತಿತ್ತು.

ಪ್ಲಗ್ಗು ತೊಡಿಸಿ ಎಂಜಿನ್ ಹಚ್ಚಿದರು. ಕಸ್ತೂರಮ್ಮ ಕಣ್ಣು ಮುಚ್ಚಿಕೊಂಡು ಊದುಬತ್ತಿ ಬೆಳಗಿದರು. ಫ್ಯಾನಿನ ಗಾಳಿಗೆ ಹೊಗೆಯೆಲ್ಲ ಹಿಂದಕ್ಕೆ ಹಾರುತ್ತಿತ್ತು. ಕೈ ಎಂಜಿನ್ನಿನ ಹಿಂಬದಿಗೆ, ಕಾರ್ಬೊರೇಟರಿನಿಂದ ಬರುವ ಕೊಳವೆ ಎಂಜಿನ್ನಿಗೆ ಕೂಡುವ ಜಾಗಕ್ಕೆ ಬಂದದ್ದೇ, ಹೊಗೆ ಕೊಕ್ಕೆಯಂತೆ ಮುಂದಕ್ಕೆ ತಿರುಗಿ ಆ ಸಂದಿಯೊಳಗೆ ಹೋಗಿ ಕಾಣೆಯಾಯಿತು.

ಅಲ್ಲಿ ಸಂದಿ ಮುಚ್ಚುವ ಪ್ಯಾಕಿಂಗ್ ಹರಿದಿದೆ, ಗಾಳಿ ಅಲ್ಲಿಂದ ಎಳೆಯುತ್ತಿದೆ ಎಂದು ಜಮಾಲ್ ಸಾಬರು ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಮ್ಮ ಕಣ್ಣು ತೆರೆದಿದ್ದರು.

"ಸೇದ್ತು," ಎಂದರು ಮೆಲ್ಲಗೆ.

ಮಧ್ಯಾಹ್ನದ ಹೊತ್ತಿಗೆ ಲಾರಿ, ರಿಪೇರಿಯಾಗದೆಯೇ, ಕೆ.ಬಿ. ಬಡಾವಣೆಯ ಉಜ್ಜನಪ್ಪನವರ ಮನೆಯ ಅಂಗಳದಲ್ಲಿ ಮಾಲೆ ಹಾಕಿಸಿಕೊಂಡು ನಿಂತಿತ್ತು. ನಡುಕಕ್ಕೂ ಈಗ ಅರ್ಥ ಬಂದಿತ್ತು: ಮೈಮೇಲೆ ಬಂದಾಗ ಯಾರು ತಾನೆ ನಡುಗುವುದಿಲ್ಲ. ಶನಿವಾರ ಜಮಾಲ್ ಸಾಬರು ಹೋದಾಗ ಬಾನೆಟ್ಟಿನ ಮುಂದೆ ಸಾಲು ನಿಂತಿತ್ತು. ಬಾಣಂತಿಯೊಬ್ಬಳು ಕೂಸನ್ನು ಎತ್ತಿ ಹೊಗೆ ಸೇದುವುದನ್ನು ತೋರಿಸುತ್ತಿದ್ದಳು. ಎಂಜಿನ್ ಉಗುಳಿದಾಗೆಲ್ಲ, ಯಾರದೋ ಊದುಬತ್ತಿ ಒಪ್ಪಿಗೆಯಾಗಲಿಲ್ಲವೆಂದು ಅವರನ್ನು ಹಿಂದಕ್ಕೆ ಕಳಿಸುತ್ತಿದ್ದರು.

"ಸಾವ್ಕಾರ್ರೆ, ಅದು ಗಾಳಿ ಎಳ್ಯೋದ್ರಿ. ಹಿಂಗೇ ಬಿಟ್ರೆ ವಾಲ್ವು ಸುಟ್ಟು ಹೋಗ್ತಾವೆ," ಎಂದರು ಜಮಾಲ್ ಸಾಬರು.

"ಇರಬೌದು ಸಾಬ್ರೆ. ಆದ್ರೆ ಅದನ್ನ ಬಿಚ್ಚಬ್ಯಾಡ ಅಂತಾಳೆ ನಮ್ಮಾಕಿ."

"ಹಂಗಾದ್ರೆ ನಂದು ಮುಗೀತಲ್ರಿ. ಪಾಲಯ್ಯಂಗೂ ಬ್ಯಾಡ ಅಂತ ಹೇಳಿ ಕಳ್ಸಿ."

"ಅದೆಂಗಾಗ್ತೈತೆ? ಸೋಮವಾರ ಮಂಡಕ್ಕಿ ಹೋಗ್ಬೇಕಲ್ಲ. ಚಹಾ ಚೆಲ್ಲಿದ್ರೆ ಪಾಲಯ್ಯನೇ. ದೇವ್ರು ಬ್ಯಾರೆ, ಲೋಡು ಬ್ಯಾರೆ."

ಬಿಚ್ಚದೆ ರಿಪೇರಿ ಮಾಡುವುದು ಹೇಗೆಂದು ಜಮಾಲ್ ಸಾಬರಿಗೆ ಯಾವ ಉಸ್ತಾದರೂ ಕಲಿಸಿರಲಿಲ್ಲ. ಅಂದು ಊಟಕ್ಕೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಇಟ್ಟರು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ, ಉಜ್ಜನಪ್ಪನವರನ್ನು ಬಿಟ್ಟು, ಸೀದಾ ಕಸ್ತೂರಮ್ಮನವರ ಮುಂದೆ ನಿಂತರು.

"ಅಮ್ಮಾರೆ, ಅದ್ರ ಬಾಯಿ ಹರಿದೈತ್ರಿ."

"ಬಾಯಿ?"

"ಸೇದೋ ಬಾಯಿ. ಹರಕು ಬಾಯಾಗೆ ಸೇದೋದು ಅದಕ್ಕೂ ಕಷ್ಟ ಅಲ್ವೇನ್ರಿ. ಆ ಹರಕು ಮುಚ್ಚಿ, ಪಕ್ಕಕ್ಕೆ ಹಿತ್ತಾಳೇದು ಒಂದು ಬಾಯಿ ಮಾಡಿ ಕೊಡ್ತೀನಿ. ಅದಕ್ಕೊಂದು ಮುಚ್ಚಳ. ಪೂಜೆಗೆ ತೆಗೀರಿ, ಲೋಡಿಗೆ ಮುಚ್ರಿ."

ಕಸ್ತೂರಮ್ಮ ಬಾನೆಟ್ಟಿನ ಕಡೆ ಒಮ್ಮೆ ಕೈಮುಗಿದರು. "ಹಿತ್ತಾಳೆ ಹೊಸದಿರಬೇಕು," ಎಂದರು. "ಬ್ಯಾರೆ ಗಾಡಿಯ ಎಂಜಲು ಬ್ಯಾಡ."

ಪ್ಯಾಕಿಂಗ್ ಬದಲಾಯಿತು. ಕೊಳವೆಗೆ ತೂತು ಹೊಡೆದು ಕಿರುಬೆರಳಿನಷ್ಟು ಹಿತ್ತಾಳೆಯ ನಳಿಗೆ ಕೂರಿಸಿ ತಿರುಪಿನ ಮುಚ್ಚಳ ತಿರುವಿದ್ದಾಯಿತು.

ಸೋಮವಾರ ಪಾಲಯ್ಯ ಜೀಪಿನಲ್ಲಿ ಆ ಅಂಗಳಕ್ಕೆ ಬಂದ. ಹೆಗಲ ಮೇಲೆ ಹಗ್ಗ, ಇಸ್ತ್ರಿ ಮಾಡಿದ ಅಂಗಿ. "ಆರಾಮ ಏನ್ರಿ ಉಸ್ತಾದ್," ಎಂದು ಹಗ್ಗದ ಸುರುಳಿ ಬಿಚ್ಚುತ್ತಲೇ ಕೇಳಿದ. ಜಮಾಲ್ ಸಾಬರು ಎಂಜಿನ್ ಹಚ್ಚಿದರು. ಏಲಕ್ಕಿ ಹಾಕಿದ ಚಹಾ ಬಾನೆಟ್ಟಿನ ಮೇಲೆ ಕೂತಿತು. ಚಹಾದ ಕೆನೆ ಕೂಡ ಅಲುಗಲಿಲ್ಲ. ಉಜ್ಜನಪ್ಪನವರು ಗ್ಲಾಸು ಎತ್ತಿ ನಿಧಾನವಾಗಿ, ಬುಡದ ಸಕ್ಕರೆಯ ತನಕ ಕುಡಿದರು. ಸಾಲಿನಲ್ಲಿ ನಿಂತವರ ಮುಖ ಮಾತ್ರ ಬಾಡಿತು. ಇಷ್ಟು ಸುಮ್ಮನಿರುವುದನ್ನು ಪೂಜಿಸುವುದಾದರೂ ಹೇಗೆ?

ಆಗ ಕಸ್ತೂರಮ್ಮ ಮುಂದೆ ಬಂದು ಮುಚ್ಚಳ ತಿರುವಿ ತೆಗೆದರು. ಲಾರಿ ಮೈತುಂಬ ನಡುಗಿತು. ಊದುಬತ್ತಿಯ ಹೊಗೆ ಎಳೆಯಾಗಿ ಹಿತ್ತಾಳೆಯೊಳಗೆ ಇಳಿಯಿತು, ಜನ ಕೈಮುಗಿದರು.

ಪಾಲಯ್ಯ ಹಗ್ಗ ಸುತ್ತಿಕೊಳ್ಳುತ್ತ ಹತ್ತಿರ ಬಂದ. "ಉಸ್ತಾದ್, ಆ ನಳಿಗೆ ಎಷ್ಟು ದಪ್ಪದ್ದು?"

"ಯಾಕ?"

"ನಮ್ಮ ಕಡೆನೂ ಕೇಳ್ತಾರೆ ಅಂತ."

ಜಮಾಲ್ ಸಾಬರು ಕಿರುಬೆರಳು ತೋರಿಸಿ, ಗ್ಯಾರೇಜಿಗೆ ಬಂದು, ಎರಡೂ ಬಾಗಿಲು ಅಗಲಕ್ಕೆ ತೆರೆದು ರಸ್ತೆಗೆ ಮುಖಮಾಡಿ ಕೂತರು. ಹನ್ನೊಂದರ ಹೊತ್ತಿಗೆ ಮಂಡಕ್ಕಿ ಹೊತ್ತ ಲಾರಿ ಬಂತು. ಹಗ್ಗವಿಲ್ಲ, ತನ್ನ ಕಾಲ ಮೇಲೆ ತಾನೇ ಬಂತು. ಸರಿಯಾಗಿ ಗ್ಯಾರೇಜಿನ ಮುಂದೆ ಒಂದು ಎಮ್ಮೆ ಅಡ್ಡ ನಿಂತಿತು. ಲಾರಿಯೂ ನಿಂತಿತು. ನಿಂತದ್ದೇ ಬಾನೆಟ್ಟು ಕುಣಿಯಿತು, ದೀಪಗಳು ತಲೆಯಾಡಿಸಿದವು. ಶಿವನ ವಾರ, ಸೂರ್ಯ ಮುಳುಗುವ ತನಕ ಮುಚ್ಚಳ ಹಾಕಕೂಡದೆಂದು ಕಸ್ತೂರಮ್ಮ ಡ್ರೈವರನಿಗೆ ಆಣೆ ಇಟ್ಟು ಕಳಿಸಿದ್ದರು.

ಹೋಟೆಲಿನ ಏಕಾಂತಪ್ಪ ಗಲ್ಲಾ ಬಿಟ್ಟು ಹೊರಗೆ ಬಂದ.

"ಏನ್ ಸಾಬ್ರೆ, ಇನ್ನೂ ನಡುಗ್ತೈತಲ್ಲ?"

ಜಮಾಲ್ ಸಾಬರು ಲಾರಿಯನ್ನು ನೋಡಿದರು, ಎಮ್ಮೆಯನ್ನು ನೋಡಿದರು.

"ಇವತ್ತು ಸೋಮವಾರ," ಎಂದರು.

ಏಕಾಂತಪ್ಪ ಹೌದಲ್ಲ ಎಂಬಂತೆ ತಲೆಯಾಡಿಸಿ ಒಳಗೆ ಹೋದ.