ಚಿತ್ತಾರವಿಲ್ಲದ ಎಲೆ

ನಾನು ಒಂದು ಮರಗೆಣಸಿನ ಗಿಡ. ಸಬ್ಬಕ್ಕಿ ಪಾಯಸ ಉಂಡು ಬಾಯಿ ಚಪ್ಪರಿಸುವಾಗ ನೀವು ಯಾರನ್ನು ನೆನೆಯುವುದಿಲ್ಲವೋ, ಅದು ನಾನೇ. ನಮ್ಮ ಕುಲದಲ್ಲಿ ಬೀಜದಿಂದ ಹುಟ್ಟುವವರು ಕಡಿಮೆ. ಕಾಂಡವನ್ನು ಗೇಣುದ್ದ ಕತ್ತರಿಸಿ ಮಣ್ಣಿಗೆ ಚುಚ್ಚಿದರೆ ಸಾಕು, ಚಿಗುರುತ್ತೇವೆ. ಹಾಗೆ ಚಿಗುರಿದ್ದು ಮಗುವೂ ಅಲ್ಲ, ಮೊಮ್ಮಗುವೂ ಅಲ್ಲ, ಅದೇ ಗಿಡ. ಆದ್ದರಿಂದ ಎಷ್ಟು ಕಡೆ ನೆಟ್ಟರೂ ನಾನು ನಾನೇ.

ಆದರೆ ಮೊದಲ ಸಲ ನಾನು ಬೀಜದಿಂದಲೇ ಹುಟ್ಟಿದೆ. ಗೆಡ್ಡೆ ಬೆಳೆಗಳ ಒಂದು ಸಂಶೋಧನಾ ಕೇಂದ್ರದಲ್ಲಿ ವಾರಿಜಾ ಮೇಡಂ ಎಂಬುವರು ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ, ಮೇಲೊಂದು ಬಟ್ಟೆಯ ಚೀಲ ಕಟ್ಟಿದರು. ತಾಯಿಯ ಗೆಡ್ಡೆ ಬೆಂದರೆ ಬೆಣ್ಣೆ, ಆದರೆ ಕಾಯಿಲೆ ಎಂದರೆ ಮೊದಲ ಪಂಕ್ತಿಯಲ್ಲೇ ಕೂರುವಳು. ತಂದೆ ಕಾಡಿನ ರಕ್ತದವನು. ಗೆಡ್ಡೆ ಕಹಿ, ನಾರು. ಆದರೆ ಯಾವ ವೈರಸ್ಸೂ ಅವನನ್ನು ಮಲಗಿಸಿರಲಿಲ್ಲ. ಅವನ ಗಟ್ಟಿತನ, ಇವಳ ರುಚಿ ಎರಡೂ ಒಂದೇ ಗಿಡಕ್ಕೆ ಬರಲಿ ಎಂಬುದು ಮೇಡಂ ಆಸೆ.

ನಾವು ಮುನ್ನೂರು ಮಂದಿ ಒಡಹುಟ್ಟಿದವರು. ನಮ್ಮಲ್ಲಿ ಯಾರು ತಡೆದುಕೊಳ್ಳುತ್ತಾರೆ ನೋಡಲು ಮೇಡಂ ಪ್ರತಿ ಸಾಲಿನ ಪಕ್ಕದಲ್ಲೂ ರೋಗದ ಗಿಡಗಳನ್ನು ಬೇಕೆಂದೇ ನೆಡಿಸಿದರು. ಬಿಳಿನೊಣಗಳು ಅಲ್ಲಿ ಹೀರಿ ಇಲ್ಲಿ ಕುಳಿತವು. ಒಬ್ಬರಾದ ಮೇಲೆ ಒಬ್ಬರ ಎಲೆ ಮುದುಡಿ, ಹಸಿರಿನ ನಡುವೆ ಹಳದಿ ಮಚ್ಚೆ ಬಿತ್ತು. ಮಚ್ಚೆ ಬಿದ್ದವರನ್ನೆಲ್ಲ ಕಿತ್ತು ಸುಟ್ಟರು. ನನಗೆ ದುಃಖವಾಯಿತು, ಮುಚ್ಚಿಡುವುದೇಕೆ? ವೈರಸ್ಸು ನನ್ನೊಳಗೂ ಬಂತು. ಹತ್ತು ದಿನ ಪ್ರಯತ್ನಪಟ್ಟು, ತನ್ನ ಬೇಳೆ ಬೇಯುವುದಿಲ್ಲ ಎಂದು ಗೊತ್ತಾಗಿ ತಣ್ಣಗಾಯಿತು. ಕೊನೆಗೆ ಉಳಿದವರು ನಾಲ್ವರು. ಮೂವರ ಗೆಡ್ಡೆ ಅಪ್ಪನಂತೆ ಕಹಿ. ಹಾಗೆ ನಾನೊಬ್ಬನೇ ಉಳಿದೆ.

ಒಂದು ದಿನ ಹನೂರು ಕಡೆಯ ಹೆಂಗಸರ ಸಂಘವೊಂದು ಕೇಂದ್ರ ನೋಡಲು ಬಂತು. ಅದರಲ್ಲಿ ದುಂಡಮ್ಮ ಇದ್ದಳು. ನಲವತ್ತರ ಹೆಂಗಸು, ಮಾತು ಕಮ್ಮಿ. ನನ್ನೆದುರು ನಿಂತು ಎಲೆ ತಿರುಗಿಸಿ ನೋಡಿ ಮರುಗಿದಳು.

"ಇದ್ಕ ಏನಾಗದ ಮೇಡಂ? ಎಲೆಲಿ ಚಿತ್ತಾರನೇ ಇಲ್ವಲ್ಲ!"

ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಆ ಚಿತ್ತಾರವೇ ಕಾಯಿಲೆ ಕಣಮ್ಮ. ಮರಗೆಣಸಿನ ಎಲೆ ಇರಬೇಕಾದ್ದೇ ಹೀಗೆ, ಪೂರ್ತಿ ಹಸಿರು."

ದುಂಡಮ್ಮ ಎಲೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ಹಂಗಾರ ನಮ್ಮೂರ್ಲಿ ಯಾರೂ ಒಳ್ಳೆ ಗಿಡನೇ ಕಂಡಿಲ್ವಾ?"

ಮೇಡಂ ಅವಳಿಗೆ ಹತ್ತು ಕಡ್ಡಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ನಾನು ಅವಳ ಮಡಿಲಲ್ಲಿ ಕುಳಿತು ಹೋದೆ.

ಆ ಊರಿನಲ್ಲಿ ನಮ್ಮವರ ಹೆಸರೇ ಚಿತ್ತಾರದ ಗೆಣಸು. ಹಳದಿ ಮಚ್ಚೆ ತಳಿಯ ಲಕ್ಷಣವೆಂದೇ ಎಲ್ಲರ ನಂಬಿಕೆ, ಅದು ಹೆಚ್ಚಿದಷ್ಟೂ ಗಿಡ ಲಕ್ಷಣವಾಗಿದೆ ಎನ್ನುವರು. ಇನ್ನೊಂದು ಪದ್ಧತಿಯೂ ಇತ್ತು. ಗೆಣಸಿನ ಕಡ್ಡಿಯನ್ನು ಅಲ್ಲಿ ಯಾರೂ ಮಾರುವುದಿಲ್ಲ. ಒಂದು ಹೊರೆ ಕೊಟ್ಟು ಒಂದು ಹೊರೆ ಪಡೆಯುತ್ತಾರೆ. ಕೇಳಿದವರಿಗೆ ಇಲ್ಲ ಅನ್ನಬಾರದು, ತಂದವರಿಗೆ ಬೇಡ ಅನ್ನಬಾರದು. ಒಳ್ಳೆಯ ಜನ, ಒಳ್ಳೆಯ ಪದ್ಧತಿ. ಮನೆಮನೆಗೆ ಹೋಗಲು ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಬಂಡಿ ಬೇಕೆ?

ಗೆಡ್ಡೆ ವರ್ಷದಿಂದ ವರ್ಷಕ್ಕೆ ಸಣ್ಣದಾಗಿ ಬೆರಳಿನಷ್ಟಕ್ಕೆ ಇಳಿದಿತ್ತು. ದುಂಡಮ್ಮನ ಗಂಡ ಬೆಳ್ಳಪ್ಪ ನೀಲಗಿರಿ ಸಸಿ ತಂದು ಗೋಡೆಯ ಪಕ್ಕ ಇಟ್ಟಿದ್ದ. "ಇದೊಂದು ಬೆಳೆ ನೋಡ್ತಿನಿ. ಆಮ್ಯಾಕ ಹೊಲಕ್ಕೆಲ್ಲ ನೀಲಗಿರಿನೇ" ಎಂದಿದ್ದ. ಬೇಸಿಗೆಯಲ್ಲಿ ಆ ಮನೆಯ ಹೊಟ್ಟೆ ತುಂಬುತ್ತಿದ್ದದ್ದು ಗೆಣಸಿನಿಂದ. ಅತ್ತೆ ಚಿಕ್ಕತಾಯಮ್ಮನ ಬೋಳು ಒಸಡಿಗೆ ಹಿತವಾಗುತ್ತಿದ್ದದ್ದೂ ಅದೊಂದೇ. ಗೆಣಸಿನ ಹೊಲ ಹೋದರೆ ಏನು ಬೇಯಿಸಲಿ ಎಂಬುದು ದುಂಡಮ್ಮನ ಚಿಂತೆ.

ಅವಳು ನನ್ನನ್ನು ಎಂಬತ್ತು ತುಂಡು ಮಾಡಿ ಹೊಲದ ಒಂದು ಮೂಲೆಯಲ್ಲಿ ನೆಟ್ಟಳು. ಮೂರು ತಿಂಗಳಿಗೆ ಎದೆಮಟ್ಟ ಬೆಳೆದೆ. ಚಿಕ್ಕತಾಯಮ್ಮ ಕೋಲೂರಿಕೊಂಡು ಬಂದು ನನ್ನನ್ನು ನೋಡಿ ಮುಖ ಸಿಂಡರಿಸಿದಳು. "ಬೋಳು ಎಲೆ. ರಂಗೋಲಿ ಇಲ್ದ ಹೊಸ್ಲು ಇದ್ದಂಗದ. ಯಾವ್ದೋ ರೋಗ ಇದ್ಕ."

ಮಾರನೆಯ ದಿನ ಸೊಸೆ ನೀರಿಗೆ ಹೋಗಿದ್ದಾಗ ಮುದುಕಿ ಒಂದು ಇಡೀ ಸಾಲು, ಹನ್ನೆರಡು ಗಿಡ, ಕಿತ್ತು ಬೇಲಿಯಾಚೆ ಎಸೆದಳು. ಕೆಟ್ಟ ಮನಸ್ಸಿನಿಂದಲ್ಲ. ನನ್ನ ರೋಗ ಚಿತ್ತಾರದ ಗಿಡಗಳಿಗೆ ತಗುಲಬಾರದು ಎಂದು. ಮೇಡಂ ನನ್ನ ಒಡಹುಟ್ಟಿದವರಿಗೆ ಮಾಡಿದ್ದನ್ನೇ ಅವಳು ನನಗೆ ಮಾಡಿದಳು, ಅಷ್ಟೇ.

ದುಂಡಮ್ಮ ಬಂದು ಬೇಲಿಯಾಚೆ ಬಾಡಿ ಬಿದ್ದಿದ್ದ ಗಿಡಗಳನ್ನು ನೋಡಿದಳು. ಅತ್ತೆಗೆ ಎದುರು ಮಾತನಾಡಿದವಳಲ್ಲ. ಅವತ್ತು ಕಣ್ಣೊರೆಸಿಕೊಂಡು ಆಡಿದಳು.

"ಕೀಳೋ ದಿನದವರ್ಗೂ ಕಾಯಿ ಅತ್ತಮ್ಮ. ಗೆಡ್ಡೆ ಕಾಣ್ದಿದ್ರ ನೀಲಗಿರಿಗೆ ನಾನೇ ಗುಂಡಿ ತೋಡ್ತಿನಿ."

ಚಿಕ್ಕತಾಯಮ್ಮ ಸೊಸೆಯ ಮುಖವನ್ನೇ ನೋಡಿ, "ಆಗ್ಲಿ ಬುಡು" ಎಂದಳು.

ಹತ್ತನೆಯ ತಿಂಗಳು ಬೆಳ್ಳಪ್ಪ ಕೀಳಲು ಬಂದ. ಚಿತ್ತಾರದ ಗಿಡ ಒಂದೇ ಕೈಗೆ ಮೂಲಂಗಿಯ ಹಾಗೆ ಕಿತ್ತು ಬಂತು, ಬುಡದಲ್ಲಿ ಬೆರಳಿನಷ್ಟು ಬೇರು. ಆಮೇಲೆ ನನ್ನನ್ನು ಹಿಡಿದ. ನಾನು ಅಲುಗಲಿಲ್ಲ. ದುಂಡಮ್ಮ ಕೈಹಾಕಿದಳು, ಆಗಲೂ ಇಲ್ಲ. ಹಾರೆ ತಂದು ಸುತ್ತ ಸಡಿಲಿಸಿದ ಮೇಲೆ ನೆಲ ಬಿರಿಯಿತು. ತೋಳಿನಷ್ಟು ದಪ್ಪದ ಐದು ಗೆಡ್ಡೆ ಮೇಲೆ ಬಂದವು. ಬೆಳ್ಳಪ್ಪ ಹಾರೆ ಊರಿಕೊಂಡು ನಿಂತ. ನನಗೆ ಎಂಥ ಹೆಮ್ಮೆ, ಹೇಳತೀರದು.

ಚಿಕ್ಕತಾಯಮ್ಮ ಸೊಸೆಯಿಂದ ಒಂದು ಗೆಡ್ಡೆ ಬೇಯಿಸಿಕೊಂಡು, ಹುಚ್ಚೆಳ್ಳು ಚಟ್ನಿಯ ಜೊತೆ ಉಂಡಳು. ಉಂಡು ಕೈ ತೊಳೆಯದೆ ಹಾಗೇ ಕುಳಿತಳು.

"ಎಪ್ಪತ್ತೊರ್ಸ ಕಾಯ್ಲೆಗ ಚಿತ್ತಾರ ಅಂದ್ನಲ್ಲಪ್ಪ" ಎಂದು ಮಗನ ಹತ್ತಿರ ಹೇಳಿ ಅತ್ತಳು.

ಸುದ್ದಿ ಊರಿಗೆಲ್ಲ ಹಬ್ಬಿತು. ಮೊದಲು ಬಂದವಳು ಪಕ್ಕದ ಹೊಲದ ನಂಜಮಣಿ, ತಲೆಯ ಮೇಲೆ ಚಿತ್ತಾರದ ಕಡ್ಡಿಯ ಹೊರೆ. ದುಂಡಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ನನ್ನ ಕಡ್ಡಿ ಕೊಡಲು ಅವಳಿಗೆ ಸಂತೋಷವೇ. ಆದರೆ ಆ ಹೊರೆ ತೆಗೆದುಕೊಂಡು ನೆಟ್ಟರೆ ರೋಗ ಹೊಲದಲ್ಲೇ ಉಳಿಯುತ್ತದೆ. ನನ್ನ ತಾಕತ್ತನ್ನು ಎಷ್ಟೆಂದು ಪರೀಕ್ಷಿಸುವುದು? ಬೇಡವೆಂದರೆ ನಂಜಮಣಿಯ ಮುಖ ಮುರಿದಂತೆ.

ಚಿಕ್ಕತಾಯಮ್ಮ ಎದ್ದು ಬಂದಳು. ಎರಡೂ ಕೈಯಲ್ಲಿ ಹೊರೆ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ಚೆನ್ನಾಗಿರವ್ವ" ಎಂದು ನನ್ನ ಹೊರೆಯೊಂದನ್ನು ಅವಳ ತಲೆಗೆ ಎತ್ತಿಸಿದಳು. ಆಮೇಲೆ ತಂದದ್ದನ್ನು ಬಂಡೆಯ ಮೇಲೆ ಬಿಸಿಲಿಗೆ ಹರವಿದಳು.

"ಯಾಕತ್ತಮ್ಮ?" ಎಂದಳು ದುಂಡಮ್ಮ.

"ತಂದವ್ರಿಗೆ ಬ್ಯಾಡ ಅನ್ಬಾರ್ದು. ನೆಡ್ಲೇಬೇಕು ಅಂತ ನಮ್ಮತ್ತ ಹೇಳಿರ್ನಿಲ್ಲ."

ಆಮೇಲೆ ಹತ್ತಾರು ಹೊರೆ ಬಂದವು. ಒಂದನ್ನೂ ಬೇಡವೆನ್ನಲಿಲ್ಲ. ಎಲ್ಲವೂ ಒಣಗಿ ಒಲೆಗೆ ಹೋದವು, ಮೇಲೆ ಪಾತ್ರೆಯಲ್ಲಿ ನಾನು ಬೆಂದೆ. ನೀಲಗಿರಿ ಸಸಿಗಳು ನೀರಿಲ್ಲದೆ ಗೋಡೆಯ ಪಕ್ಕದಲ್ಲೇ ಒಣಗಿದವು.

ಇದಾಗಿ ಆರು ವರ್ಷವಾಯಿತು. ಈಗ ಊರಿನ ಅರ್ಧ ಹೊಲಗಳಲ್ಲಿ ನಾನಿದ್ದೇನೆ. ಈ ಕಥೆ ಹೇಳುತ್ತಿರುವುದು ಮಾತ್ರ ಬಚ್ಚಲ ಹಿಂದೆ ಎಸೆದ, ಅಲ್ಲೇ ಚಿಗುರಿಕೊಂಡ ಹಳೆಯ ಬುಡ. ಗಟ್ಟಿ ಎಂದರೆ ಅಮರ ಎಂದಲ್ಲ. ಬಿಳಿನೊಣ ಈಗಲೂ ಬರುತ್ತದೆ, ವೈರಸ್ಸೂ ಹೊಸ ಹೊಸ ವೇಷ ಕಲಿಯುತ್ತದೆ. ಮೊನ್ನೆ ನನ್ನ ಕೆಳಗಿನ ಎಲೆಯೊಂದರಲ್ಲಿ ಸಣ್ಣದೊಂದು ಹಳದಿ ಮಚ್ಚೆ ಮೂಡಿತು. ನನಗೂ ಹೆದರಿಕೆಯಾಯಿತು.

ಮುಖ ತೊಳೆಯಲು ಬಂದ ಚಿಕ್ಕತಾಯಮ್ಮ ಬಗ್ಗಿ ನೋಡಿದಳು. ಕಣ್ಣು ಮಂಜಾಗಿದ್ದರೂ ಅವಳಿಗೆ ಅದು ಕಂಡಿತು. ಎಲೆಯನ್ನು ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡು ಒಲೆಯ ಕಡೆ ಹೊರಟಳು.

"ನಿನ್ಗ ಚಿತ್ತಾರ ಬ್ಯಾಡ ಕನವ್ವ" ಎಂದಳು.

ಆ ವಾರ ನಾನು ಬಿಟ್ಟ ಎಲೆಗಳೆಲ್ಲ ಬೋಳಾಗಿಯೇ ಇದ್ದವು.